ಬೀಗರ ಉಪಗ್ರಹಚಾರ

ಮನೆಯಿಂದ, ಮಹಡಿ ಮೆಟ್ಟಿಲಿನ ತಿರುವಿನಲ್ಲಿ ಕೂತು
ಮಂಗಳವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಮೀನೂ,

ಹೇಗಿದ್ದೀಯ? ಮೊದಲು ಗಂಟಲಿನ ಸಮಾಚಾರ ಹೇಳು. ಹೋದ ಶನಿವಾರ ಫೋನಿನಲ್ಲಿ ನಿನ್ನ ದನಿ ಕೇಳಿ ಅಮ್ಮ, "ಇದೇನೋ, ಹುಡುಗಿ ಕಪ್ಪೆ ಥರ ಮಾತಾಡ್ತಾಳೆ" ಎಂದು ಗಾಬರಿಯಾದರು. ಈಜುಕೊಳದ ದಂಡೆಯಲ್ಲಿ ನಿಂತು ಬೆಳಗಿನಿಂದ ಸಂಜೆಯವರೆಗೆ ಊರ ಮಕ್ಕಳ ಮೇಲೆಲ್ಲ ಕೂಗುತ್ತಿದ್ದರೆ ಮೀನು ಕಪ್ಪೆಯಾಗುವುದು ವಿಕಾಸವಾದದ ಪ್ರಕಾರ ಸರಿಯೇ ಇದೆ ಎಂದು ನಾನು ಸಮಾಧಾನ ಹೇಳಿದೆ. ಅಮ್ಮನಿಗೆ ಸಮಾಧಾನವಾಗಲಿಲ್ಲ. ದಿನಕ್ಕೆ ನಾಲ್ಕು ಸಲ ಬಿಸಿನೀರು ಕುಡಿಯಬೇಕಂತೆ, ಕೂಗುವುದನ್ನು ಸೀಟಿಗೆ ಬಿಟ್ಟುಬಿಡಬೇಕಂತೆ. ಕೊಳದ ಔಷಧಿ ನೀರು ಬಿದ್ದು ಕಣ್ಣು ಉರಿಯುತ್ತದೆ ಅಂದಿದ್ದೆಯಲ್ಲ, ಅದು ಇಳಿಯಿತೇ? ಹಾಸ್ಟೆಲಿನ ಮಂಚ ಇನ್ನೂ ಕಿರುಗುಡುತ್ತದೆಯೋ, ಅಥವಾ ಪಕ್ಕದ ಮಂಚದವಳ ಗೊರಕೆಯಲ್ಲಿ ಅದರ ಸದ್ದು ಮುಚ್ಚಿಹೋಗಿದೆಯೋ?

ಇಲ್ಲಿ ನಾವೆಲ್ಲ ಕ್ಷೇಮ. "ಕ್ಷೇಮ" ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ, ಕಾಗದದ ಮೇಲೆ ಕಾಣುತ್ತದೆ. ಪ್ರೆಸ್ಸಿನಲ್ಲಿ ದಿನವಿಡೀ ಊರವರ ಕರಡು ತಿದ್ದುವವನು ತನ್ನ ಕಾಗದದ ಒಂದು ಪದಕ್ಕೇ ತಡವರಿಸಿದ್ದಾನೆಂದರೆ ಏನೋ ಇದೆ ಎಂದು ನೀನು ಊಹಿಸಿರುತ್ತೀಯ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ನಿಮ್ಮ ಶಿಬಿರದವರು ನಿನ್ನ ಕೈಗೆ ಫೋನು ಕೊಡುವುದು ಶನಿವಾರ ಸಂಜೆ ಅರ್ಧ ಗಂಟೆ. ಆ ಅರ್ಧ ಗಂಟೆ ನಮ್ಮ ಹಜಾರದ ಮೇಜಿನ ಮೇಲೆ ಫೋನು, ಅದರ ಸ್ಪೀಕರು ಜೋರು, ಸುತ್ತ ನಾಲ್ಕು ತಲೆ. ಅದರಲ್ಲಿ ಎರಡು ತಲೆಗಳ ವಿಷಯವನ್ನೇ ನಾನು ಹೇಳಬೇಕಾಗಿರುವುದು. ಉಳಿದ ದಿನ ನಿನಗೊಂದು ಮೆಸೇಜು ಹಾಕಿಡೋಣವೆಂದರೆ ನನ್ನ ಫೋನು ನನ್ನ ಕೈಯಲ್ಲಿಲ್ಲ, ನಮ್ಮಪ್ಪನ ಕೈಯಲ್ಲಿದೆ. ಅವರು ಅದರಲ್ಲಿ ಬೆಳಗಾದರೆ ವಿಡಿಯೋ ನೋಡುತ್ತಾರೆ. ಯಾವ ವಿಡಿಯೋ ಎಂಬುದೇ ಈ ಕಾಗದದ ವಿಷಯ.

ಮನೆಯಲ್ಲಿ ಯುದ್ಧ ನಡೆದಿದೆ, ಮೀನೂ. ನಮ್ಮಪ್ಪ ಒಂದು ಕಡೆ, ನಿಮ್ಮಪ್ಪ, ಅಂದರೆ ನನ್ನ ಮಾವ, ಇನ್ನೊಂದು ಕಡೆ. ಅಪ್ಪನ ಸೈನ್ಯ ಕೆಳಗಿನ ಹಜಾರದಲ್ಲಿ, ಮಾವನ ಸೈನ್ಯ ಮಹಡಿಯ ಕೋಣೆಯಲ್ಲಿ, ನಡುವಿನ ಮೆಟ್ಟಿಲಿನ ಮೇಲೆ ನಾನು. ಬೀಗರಿಬ್ಬರೂ ಬೀಗುತ್ತಿದ್ದಾರೆ, ಬಾಯಿಗೆ ಬೀಗ ಹಾಕುವವರು ಯಾರೂ ಇಲ್ಲ. ಜಗಳ ಆಸ್ತಿಗಲ್ಲ, ಊಟದ ಉಪ್ಪಿಗಲ್ಲ. ದೂರಕ್ಕೆ. ಗಾಲ್ಫ್ ಮೈದಾನದಲ್ಲಿ ಚೆಂಡಿನಿಂದ ಕುಳಿಗೆ ಎಷ್ಟು ದೂರ ಎಂದು ಅಳೆಯುವ ಯಂತ್ರ ಯಾವುದಿರಬೇಕು, ಲೇಸರಿನದೋ ಉಪಗ್ರಹದ್ದೋ ಎಂಬುದಕ್ಕೆ. ದೂರಕ್ಕೆ ಒಂದು ಕೊಂಬು ಮೂಡಿದರೆ ದೂರು ಆಗುತ್ತದೆ ಎಂದು ನನಗೆ ಕಸುಬಿನಿಂದಲೇ ಗೊತ್ತು. ಇಲ್ಲಿ ಇಬ್ಬರಿಗೂ ಕೊಂಬು ಮೂಡಿದೆ.

ನಿನಗೆ ನೀರಿನ ಹೊರಗಿನ ಆಟಗಳೆಂದರೆ ಅಷ್ಟಕ್ಕಷ್ಟೇ, ಆದ್ದರಿಂದ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಅತ್ತೆ ಹೋದ ಮೇಲೆ ಮಾವ ಮಹಡಿಯ ಕೋಣೆಯಲ್ಲಿ ಪರದೆ ಎಳೆದುಕೊಂಡು ಕೂತಿದ್ದ ಆ ತಿಂಗಳುಗಳು ನಿನಗೆ ನೆನಪಿವೆ. ಊಟದ ತಟ್ಟೆ ಹೋದ ಹಾಗೇ ವಾಪಸು ಬರುತ್ತಿತ್ತು. ಕೊನೆಗೊಂದು ಭಾನುವಾರ ಅಪ್ಪ ಮೇಲೆ ಹೋಗಿ, "ಏಳಿ ಬೀಗರೇ, ಕೂತು ಕೂತು ಕುರ್ಚಿಗೆ ಕುಳಿ ಬಿತ್ತು, ಬನ್ನಿ, ಬೇರೆ ಕುಳಿ ತೋರಿಸ್ತೀನಿ" ಎಂದು ಕೈ ಹಿಡಿದು ಎಳೆದುಕೊಂಡು ಹೋದರು. ಮೊದಲ ಹೊಡೆತದಲ್ಲಿ ಮಾವ ಚೆಂಡನ್ನು ಬಿಟ್ಟು ಒಂದು ಹಿಡಿ ಹುಲ್ಲನ್ನು ಆಕಾಶಕ್ಕೆ ಕಳಿಸಿದರು. ಅಪ್ಪ ನಕ್ಕರು, ಮಾವನೂ ನಕ್ಕರು. ಆ ನಗು ಕೇಳಿದ್ದೇ ಸಾಕೆಂದು ನೀನು ಅವತ್ತು ಅಡುಗೆಮನೆಯಲ್ಲಿ ಅತ್ತೆ. (ಇಲ್ಲಿ "ಅತ್ತೆ" ಕ್ರಿಯಾಪದ. ಗೊಂದಲ ಬೇಡ, ಅದು ನನಗಿರಲಿ.) ಅಂದಿನಿಂದ ಭಾನುವಾರ ಬಂದರೆ ಮಾವ ಎಲ್ಲರಿಗಿಂತ ಮೊದಲು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ. ಪರದೆ ಆಮೇಲೆ ಮುಚ್ಚಿದ್ದೇ ಇಲ್ಲ.

ಈಗ ಆಯುಧಗಳ ಪರಿಚಯ. ನಮ್ಮಪ್ಪನ ಕೈಯಲ್ಲಿರುವುದು ಲೇಸರು. ಅರ್ಧ ದುರ್ಬೀನಿನ ಹಾಗೆ ಕಾಣುತ್ತದೆ. ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಅದನ್ನು ಹಿಡಿದು, ಕುಳಿಯಲ್ಲಿ ನೆಟ್ಟ ಬಾವುಟಕ್ಕೆ ಗುರಿಯಿಟ್ಟು ಗುಂಡಿ ಒತ್ತಿದರೆ ಇಷ್ಟು ಗಜ ಎಂದು ತೋರಿಸುತ್ತದೆ. ಆ ಮೈದಾನದಲ್ಲಿ ಎಲ್ಲವೂ ಗಜ, ಹಲಗೆಗಳಲ್ಲಿ ಬರೆದಿರುವುದೂ ಗಜ. ಮೊದಲ ಸಲ ಅಪ್ಪ "ಇವತ್ತು ಒಂದೇ ಏಟಿಗೆ ನೂರೈವತ್ತು ಗಜ" ಎಂದಾಗ ಅಮ್ಮ, "ಅಷ್ಟು ಆನೆಗೂ ಒಂದೇ ಏಟಾ?" ಎಂದದ್ದು ನೀನು ಕೇಳಿದ್ದೀಯ. ಜೀವಮಾನವೆಲ್ಲ ಬಟ್ಟೆ ಅಂಗಡಿ ನಡೆಸಿದ ಅಪ್ಪನಿಗೆ ಗಜವೆಂದರೆ ತಾಯ್ನುಡಿ. "ಬಾವುಟದ ಕಡ್ಡಿಗೇ ಅಳೆಯುತ್ತೆ ಕಣೋ, ಸೂಜಿಗೆ ದಾರ ಪೋಣಿಸಿದ ಹಾಗೆ. ಲೇಸರೇ ಲೇಸು" ಎನ್ನುವುದು ಬೆಳಗಾದರೆ ಲೇಸರಿನ ವಿಡಿಯೋ ನೋಡುವ ಅವರ ಘೋಷಣೆ. (ಈ ಶ್ಲೇಷೆ ಅವರದ್ದು. ನನಗೆ ರೋಗ ಎಲ್ಲಿಂದ ಬಂತು ಎಂದು ಕೇಳುತ್ತಿದ್ದೆಯಲ್ಲ.) ಆದರೆ ಸೂಜಿಗೆ ದಾರ ಪೋಣಿಸುವಾಗ ಅಪ್ಪನ ಕೈ ಈಗೀಗ ಹೇಗೆ ನಡುಗುತ್ತದೋ ಲೇಸರು ಹಿಡಿದಾಗಲೂ ಹಾಗೇ. ಕೆಂಪು ಚುಕ್ಕೆ ಬಾವುಟ ಬಿಟ್ಟು ಹಿಂದಿನ ಮರಕ್ಕೆ ಹೋಗಿ ಕೂತರೆ ಯಂತ್ರ ಮರದ ದೂರ ಹೇಳುತ್ತದೆ. ಮೂರು ಸಲ ಒತ್ತಿದರೆ ಮೂರು ಲೆಕ್ಕ, ಅದರಲ್ಲಿ ತನಗೆ ಹಿಡಿಸಿದ್ದನ್ನು ಅಪ್ಪ ಆರಿಸಿಕೊಳ್ಳುತ್ತಾರೆ. ಅಂಗಡಿಯಲ್ಲಿ ಗಿರಾಕಿಗಳು ತಮ್ಮೆದುರು ಮಾಡುತ್ತಿದ್ದುದನ್ನು ಅವರು ಈಗ ಯಂತ್ರದೆದುರು ಮಾಡುತ್ತಾರೆ, ಅಷ್ಟೇ.

ಮಾವನದು ನೀನು ಕೊಟ್ಟ ಉಪಗ್ರಹದ ಕೈಗಡಿಯಾರ. ನೀನು ಹೊರಡುವ ಬೆಳಿಗ್ಗೆ, ಹೊರಗೆ ಟ್ಯಾಕ್ಸಿಯವನು ಹಾರ್ನು ಒತ್ತುತ್ತಿದ್ದರೆ, ಒಂದು ಕೈಯಲ್ಲಿ ಟೀ ಲೋಟ ಹಿಡಿದು ಇನ್ನೊಂದರಲ್ಲಿ ಅದರ ಗುಂಡಿ ಒತ್ತಿ ಒತ್ತಿ ಭಾಷೆ, ಹೊತ್ತು, ಅದು, ಇದು ಎಲ್ಲ ಹೊಂದಿಸಿ ಅವರ ಮಣಿಕಟ್ಟಿಗೆ ಕಟ್ಟಿ ಓಡಿದೆಯಲ್ಲ, ಅದೇ. ಅದನ್ನು ಕಣ್ಣಿಗೆ ಹಿಡಿಯಬೇಕಿಲ್ಲ, ಗುರಿ ಇಡಬೇಕಿಲ್ಲ. ಮೈದಾನದ ನಕ್ಷೆ ಅದರ ಹೊಟ್ಟೆಯೊಳಗೇ ಇದೆ. ಸುಮ್ಮನೆ ಮಣಿಕಟ್ಟು ತಿರುಗಿಸಿದರೆ ಮೇಲಿನಿಂದ ಉಪಗ್ರಹ ಇಣುಕಿ, ಕುಳಿಯ ಸುತ್ತಲಿನ ನುಣುಪು ಹುಲ್ಲಿನ ನಡುಭಾಗಕ್ಕೆ ಇಷ್ಟು ದೂರ ಎನ್ನುತ್ತದೆ. ಮಾವನಂಥ ರೈಲ್ವೆ ಗಾರ್ಡಿಗೆ ಇದಕ್ಕಿಂತ ಪ್ರಿಯವಾದದ್ದು ಇನ್ನೇನಿದೆ? ಗಡಿಯಾರ ಗಂಟೆ ತೋರಿಸಿ ರೈಲು ಬರದಿದ್ದರೆ ತಪ್ಪು ರೈಲಿನದು ಎಂದು ನಂಬಿ ನಿವೃತ್ತರಾದವರು ಅವರು. ಅದೂ ಮಗಳು ಕೊಟ್ಟ ಗಡಿಯಾರ. ಅದರಲ್ಲಿ ದೂರದ ಅಂಕಿಯ ಪಕ್ಕ ಚಿಕ್ಕದಾಗಿ "ಮೀ" ಎಂದು ಬರುತ್ತದಲ್ಲ, ಅದನ್ನು ಹಾಲಿನವನಿಂದ ಹಿಡಿದು ಕ್ಲಬ್ಬಿನ ಗುಮಾಸ್ತನವರೆಗೆ ಎಲ್ಲರಿಗೂ ತೋರಿಸಿ ಆಗಿದೆ. "ನೋಡಿ, ನನ್ನ ಮಗಳು ತನ್ನ ಹೆಸರು ಕೂರಿಸಿ ಕೊಟ್ಟಿದಾಳೆ. ಎಲ್ಲಿ ನಿಂತು ನೋಡಿದ್ರೂ ಪಕ್ಕದಲ್ಲಿ ಇರ್ತಾಳೆ." ಚಿಕ್ಕಂದಿನಲ್ಲಿ ಬಚ್ಚಲ ತೊಟ್ಟಿಯಿಂದ ಮೇಲೇಳುವುದಿಲ್ಲ ಎಂದು ಹಟ ಹಿಡಿದವಳಿಗೆ ಮೀನು ಎಂದು ಹೆಸರಿಟ್ಟವರು ಅವರೇ ಅಲ್ಲವೇ, ಆ ಹೆಮ್ಮೆ. ನಾನು ಸುಮ್ಮನಿರಲಾರದೆ, "ಬರೀ ಮೀ ಇದೆ, ನು ಎಲ್ಲಿ ಮಾವ?" ಎಂದು ಕೆಣಕಿದೆ. ಅವರು ಗಡಿಯಾರದ ಗಾಜನ್ನು ಅಂಗಿಯ ತುದಿಯಿಂದ ಒರೆಸುತ್ತ, "ಉಳಿದದ್ದು ಅವಳು ಬಂದಾಗ ಬರುತ್ತೆ ಬಿಡಿ ಅಳಿಯಂದ್ರೇ" ಎಂದರು.

ಆದರೆ ಗಡಿಯಾರ ಬಂದ ಮೇಲೆ ಈ ಮನೆಯಲ್ಲಿ ಗಡಿ ಯಾರದು ಎಂಬ ಪ್ರಶ್ನೆ ಹುಟ್ಟಿತು. ಮೊದಲ ಭಾನುವಾರ ಎಲ್ಲ ಸರಿಯಿತ್ತು. ಎರಡನೆಯ ಭಾನುವಾರ ಅಪ್ಪ, "ತೋರಿಸಿ ಬೀಗರೇ" ಎಂದು ಮಾವನ ಮಣಿಕಟ್ಟು ಹಿಡಿದು ಆ ಗಡಿಯಾರವನ್ನು ಬಹಳ ಹೊತ್ತು ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಹೇಳದೆ ಮುಚ್ಚಿದರು. ತೆರೆದ ಬಾಯನ್ನು ಅಪ್ಪ ಮಾತಿಲ್ಲದೆ ಮುಚ್ಚಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ, ಹಲ್ಲುನೋವಿರಬೇಕು ಎಂದುಕೊಂಡೆ. ಮಾರನೆಯ ದಿನದಿಂದ ಒಂದೇ ರಾಗ. "ಆ ವಾಚು ಬಿಚ್ಚಿಡಿ ಬೀಗರೇ. ನನ್ನ ಲೇಸರು ತಗೊಳ್ಳಿ. ಹೊಸದು ಬೇಕಾದ್ರೆ ಕೊಡಿಸ್ತೀನಿ." ಯಾಕೆಂದು ಕೇಳಿದರೆ ಕಾರಣವಿಲ್ಲ, ಲೇಸರೇ ಲೇಸು. ಮಾವನಿಗೆ ಕಿಡಿ ಹತ್ತಿತು. "ನನ್ನ ಮಗಳು ಕೊಟ್ಟದ್ದನ್ನ ನಾನು ಬಿಚ್ಚಬೇಕಾ?" ಬೀಗರ ಜಗಳದ ವಿಶೇಷ ಏನು ಗೊತ್ತೇ, ಇದರಲ್ಲಿ ಮರ್ಯಾದೆ ಇಳಿಯುವುದಿಲ್ಲ, ಏರುತ್ತದೆ. "ನೀವು" ಹೋಗಿ "ತಾವು" ಆಗಿದೆ. "ತಮ್ಮ ತಂದೆಯವರಿಗೆ ಅರಿಕೆ ಮಾಡಿ, ಪೇಪರು ಓದಿ ಆಗಿದ್ರೆ ಮೇಲೆ ಕಳಿಸಬೇಕು ಅಂತ" ಎಂದು ಮಾವ ನನಗೆ ಹೇಳುತ್ತಾರೆ. "ತಮ್ಮ ಮಾವನವರಿಗೆ ವಿಜ್ಞಾಪಿಸಬೇಕು, ರಾಶಿಭವಿಷ್ಯ ಇನ್ನೂ ಬಾಕಿ ಇದೆ, ಅವರ ಗ್ರಹ ಉಪಗ್ರಹ ಎಲ್ಲ ಓದಿ ಕಳಿಸ್ತೀನಿ" ಎಂದು ಅಪ್ಪ ನನಗೆ ಹೇಳುತ್ತಾರೆ. ನಾನು ಮೆಟ್ಟಿಲು ಹತ್ತಿ ಇಳಿದು ತೆಳ್ಳಗಾಗಿದ್ದೇನೆ. ನೀನು ಬಂದಾಗ ಗುರುತು ಸಿಕ್ಕರೆ ಪುಣ್ಯ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ಮಾವನ ಆಟ ಕೆಟ್ಟಿದೆ. ಗಾಲ್ಫಿನಲ್ಲಿ ಒಂದೊಂದು ದೂರಕ್ಕೆ ಒಂದೊಂದು ಕೋಲು, ದೂರ ಹೆಚ್ಚಿದರೆ ದೊಡ್ಡ ಕೋಲು. ಅವರು ಗಡಿಯಾರ ನೋಡುತ್ತಾರೆ, ಅದು ಹೇಳಿದ ದೂರಕ್ಕೆ ತಕ್ಕ ಕೋಲನ್ನೇ ತೆಗೆಯುತ್ತಾರೆ, ಹೊಡೆತವೂ ನೇರ, ಚೆಂಡು ಅಂದವಾಗಿ ಹಾರಿ ಹೋಗಿ ಕುಳಿಯ ಹತ್ತಿರಕ್ಕೆ ಬರಲು ಇನ್ನು ಸ್ವಲ್ಪ ಇದೆ ಎನ್ನುವಾಗ ಧೊಪ್ಪನೆ ಮುಂದಿನ ಮರಳುಗುಂಡಿಗೆ ಬೀಳುತ್ತದೆ. ಪ್ರತಿ ಸಲವೂ. ಮರಳಿ ಮರಳಿ ಮರಳಿಗೇ. ಎರಡು ತಿಂಗಳ ಹಿಂದೆ ಗಡಿಯಾರವಿಲ್ಲದೆ, ಹಲಗೆ ನೋಡಿ ಹೊಡೆಯುತ್ತಿದ್ದಾಗ ಹೀಗಾಗುತ್ತಿರಲಿಲ್ಲ. ಅಪ್ಪ ಪಕ್ಕದಲ್ಲೇ ನಿಂತು, "ಲೇಸರು ಜಾಸ್ತಿ ತೋರಿಸ್ತಿದೆ, ದೊಡ್ಡ ಕೋಲು ತಗೊಳ್ಳಿ" ಎಂದು ಬಡಕೊಳ್ಳುತ್ತಾರೆ. ಮಾವ ಕೇಳುವುದಿಲ್ಲ. ಮರಳಿನಿಂದ ಚೆಂಡು ಎತ್ತಿಕೊಂಡು ಬಂದು ತಮ್ಮ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ವಾಚು ಸರಿಯಾಗೇ ಹೇಳಿತ್ತು. ನನ್ನ ತೋಳಿಗೇ ವಯಸ್ಸಾಯ್ತು" ಎನ್ನುತ್ತಾರೆ. ಗಡಿಯಾರ ಸರಿಯೆಂದ ಮೇಲೆ ರೈಲು ತಪ್ಪಿರಲೇಬೇಕು. ಈಗ ರೈಲು ಅವರೇ.

ಹೋದ ವಾರ ಅಡುಗೆಮನೆಯಲ್ಲಿ ಅಮ್ಮನಿಗೆ ಸಕ್ಕರೆ ಡಬ್ಬಿಯ ಮುಚ್ಚಳ ತೆರೆಯಲಾಗಲಿಲ್ಲ. ನನ್ನ ಕೈಗೆ ಕೊಟ್ಟರು, ನಾನು ಮುಖ ಕೆಂಪಗೆ ಮಾಡಿಕೊಂಡೆ, ಮುಚ್ಚಳ ಅಲುಗಲಿಲ್ಲ. ಮಾವ ಬಂದು ಒಂದೇ ತಿರುವಿಗೆ ತೆರೆದರು. ನಾವು ಚಪ್ಪಾಳೆ ತಟ್ಟಿದೆವು. ಅವರು ಮಾತ್ರ, "ಸಡಿಲ ಇತ್ತು" ಎಂದು ಹೊರಟುಹೋದರು. ನಿನ್ನೆ ನೋಡಿದರೆ ಬೂಟಿನೊಳಗೆ ಹಳೆಯ ಪೇಪರು ತುರುಕಿ ಡಬ್ಬಕ್ಕೆ ಹಾಕಿಡಲು ಸಿದ್ಧ ಮಾಡುತ್ತಿದ್ದಾರೆ. ಈ ಭಾನುವಾರ ಕ್ಲಬ್ಬಿನಲ್ಲಿ ಜೋಡಿ ಪಂದ್ಯವಿದೆ, ಬೀಗರಿಬ್ಬರೂ ಒಂದು ಜೋಡಿ, ಒಂದೇ ಚೆಂಡನ್ನು ಸರದಿಯಂತೆ ಹೊಡೆಯಬೇಕು. "ಹೆಸರು ಕೊಟ್ಟಾಗಿದೆ, ಅದಕ್ಕೆ ಆಡ್ತೀನಿ. ಅದೇ ಕೊನೆ" ಎಂದರು ಮಾವ. ಹೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. ಭಾನುವಾರದ ಬೂಟು ಡಬ್ಬಕ್ಕೆ ಹೋದರೆ ಮಹಡಿಯ ಪರದೆ ಮತ್ತೆ ಮುಚ್ಚುತ್ತದೆ ಎಂದು ನನಗೆ ಭಯ. ಅದಕ್ಕೇ ಈ ಕಾಗದ, ಇಷ್ಟು ಉದ್ದ.

ಆ ಪಂದ್ಯಕ್ಕೊಂದು ನಿಯಮವಿದೆ, ಒಂದು ಜೋಡಿಗೆ ಒಂದೇ ಯಂತ್ರ. ಯಾವುದೆಂದು ಶನಿವಾರ ರಾತ್ರಿಯೊಳಗೆ ಕ್ಲಬ್ಬಿಗೆ ತಿಳಿಸಬೇಕು. ಅಪ್ಪ ಲೇಸರು ಎನ್ನುತ್ತಾರೆ, ಮಾವ ಗಡಿಯಾರ ಎನ್ನುತ್ತಾರೆ. ಅಮ್ಮ ಈರುಳ್ಳಿ ಹೆಚ್ಚುತ್ತ ಕೂತಲ್ಲೇ ತೀರ್ಪು ಕೊಟ್ಟರು: "ಎರಡೂ ಬೇಡ. ನೀನೇ ಹೋಗಿ ಹೊಸದು, ಮೂರನೇದು ತಾ. ಇಬ್ಬರೂ ಅದನ್ನೇ ನೋಡ್ಲಿ. ಬರೋವಾಗ ಬುದ್ಧಿ ಅಳೆಯೋ ಯಂತ್ರ ಇದ್ರೆ ಎರಡು ತಾ." ಘನವಾದ ತೀರ್ಪು. ನಾನು ಖುಷಿಯಿಂದ ಅಂಗಡಿಗೆ ಹೋದೆ. ಅಂಗಡಿಯ ಬಾಗಿಲು ನೂಕುವಾಗ ಹೊಳೆಯಿತು, ಮೂರನೆಯದೂ ಎರಡರಲ್ಲಿ ಒಂದೇ ಆಗಿರಬೇಕಲ್ಲ! ಲೇಸರು ಕೊಂಡರೆ ಮಗ ಅಪ್ಪನ ಪಕ್ಷ ಹಿಡಿದ ಎಂದಾಗುತ್ತದೆ. ಉಪಗ್ರಹ ಕೊಂಡರೆ ಹೆಂಡತಿಯ ಕಡೆಗೆ ವಾಲಿದ ಎಂದಾಗುತ್ತದೆ. ಎರಡೂ ಸೇರಿರುವ ಯಂತ್ರವೂ ಒಂದಿದೆಯಂತೆ. ಅದರ ಬೆಲೆ ಕೇಳಿದ ಮೇಲೆ ಅಂಗಡಿಯವನು ನನಗೆ ಕುರ್ಚಿ ಕೊಟ್ಟ.

ಅವನು ಒಳ್ಳೆಯವನು, ಆದರೆ ಅವನ ವಿವರಣೆ ನನ್ನನ್ನು ಇನ್ನೂ ಕೆಡಿಸಿತು. ಲೇಸರು ಕರಾರುವಾಕ್ಕಂತೆ, ಆದರೆ ಕೈ ಅಲುಗಬಾರದಂತೆ, ನಡುವೆ ಗುಡ್ಡ ಬಂದರೆ ಕುರುಡಂತೆ, ಮಂಜು ಬಿದ್ದರೆ ಅದಕ್ಕೂ ನಮ್ಮಷ್ಟೇ ಕಾಣುವುದಂತೆ. ಉಪಗ್ರಹಕ್ಕೆ ಗುಡ್ಡ ಮಂಜು ಯಾವುದೂ ಅಡ್ಡಿಯಿಲ್ಲವಂತೆ, ಆದರೆ ಬಾವುಟ ಇವತ್ತು ಎಡಕ್ಕಿದೆಯೋ ಬಲಕ್ಕಿದೆಯೋ ಅದಕ್ಕೆ ಗೊತ್ತಾಗುವುದಿಲ್ಲವಂತೆ, ನಕ್ಷೆ ಹಳೆಯದಾದರೆ ಹಳೆಯ ಕುಳಿಗೇ ದಾರಿ ಹೇಳುವುದಂತೆ, ರಾತ್ರಿ ಚಾರ್ಜು ಮರೆತರೆ ಬರೀ ಬಳೆಯಂತೆ. ನಮ್ಮ ಮನೆಯ ಎರಡು ಯಂತ್ರ ಬೇರೆ ಬೇರೆ ಲೆಕ್ಕ ಹೇಳುವುದೇಕೆ ಎಂದು ಕೇಳಿದೆ. "ಹತ್ತು ಹನ್ನೆರಡು ಆಚೀಚೆ ಇದ್ದೇ ಇರುತ್ತೆ ಸಾರ್. ಅದು ಹುಲ್ಲಿನ ನಡುವಿಗೆ ಹೇಳುತ್ತೆ, ಇದು ಬಾವುಟಕ್ಕೆ ಹೇಳುತ್ತೆ. ಎರಡೂ ನಿಜ" ಎಂದ. ಎರಡೂ ನಿಜ! ಮೀನೂ, ನನ್ನ ಕಸುಬಿನಲ್ಲಿ ಒಂದು ಪದಕ್ಕೆ ಒಂದು ಕಾಗುಣಿತ. ಎರಡು ಕಂಡರೆ ಒಂದನ್ನು ಹೊಡೆಯುತ್ತೇನೆ. ಎರಡೂ ನಿಜವೆಂದರೆ ಕೆಂಪು ಶಾಯಿಯನ್ನು ಎಲ್ಲಿ ಹಚ್ಚಲಿ? ಹಣೆಗೆ?

ಬರಿಗೈಯಲ್ಲಿ ವಾಪಸು ಬಂದೆ. ಅಂದಿನಿಂದ ತಲೆಯೊಳಗೆ ಇದೇ. ಬೆಳಿಗ್ಗೆ ಎದ್ದಾಗ ಲೇಸರು ಸರಿ ಎನಿಸುತ್ತದೆ, ಹಲ್ಲುಜ್ಜುವಷ್ಟರಲ್ಲಿ ಉಪಗ್ರಹ. ನಿನ್ನೆ ಪ್ರೆಸ್ಸಿನಲ್ಲಿ ಒಂದು ಶುಭಾಶಯ ಪತ್ರದ ಕರಡು ಬಂದಿತ್ತು, "ಎಲ್ಲರಿಗೂ ಲೇಸಾಗಲಿ" ಎಂದು. ನಾನು ತಿದ್ದಿ ಕಳಿಸಿದ್ದು "ಎಲ್ಲರಿಗೂ ಲೇಸರಾಗಲಿ". ಅಚ್ಚಿಗೆ ಹೋಗುವ ಮೊದಲು ಯಂತ್ರದವನು ಹಿಡಿದ, ಇಲ್ಲದಿದ್ದರೆ ಊರಿಗೆಲ್ಲ ಒಂದೊಂದು ಲೇಸರು ಹಂಚಬೇಕಾಗುತ್ತಿತ್ತು. ಮಾಲೀಕರು ಕರಡಿಯ ಹಾಗೆ ನೋಡಿದರು, ನಾನು ಕರಡಿನಲ್ಲಿ ಮುಖ ಮುಚ್ಚಿಕೊಂಡೆ.

ಆದ್ದರಿಂದ ನಿರ್ಧಾರ ನಿನ್ನದು. ನೀನು ಒಬ್ಬರಿಗೆ ಮಗಳು, ಇನ್ನೊಬ್ಬರಿಗೆ ಸೊಸೆ, ಇಬ್ಬರಿಗೂ ನಿನ್ನ ಮಾತು ನಡೆಯುತ್ತದೆ. ಶನಿವಾರ ಫೋನಿನಲ್ಲಿ ನೇರವಾಗಿ ಹೇಳಬೇಡ, ನಾಲ್ಕು ತಲೆ ಕೇಳುತ್ತಿರುತ್ತವೆ. ಒಂದು ಗುಟ್ಟಿನ ಭಾಷೆ ಮಾಡಿಕೊಳ್ಳೋಣ. ಲೇಸರು ಎಂದಾದರೆ "ಕಣ್ಣು ಸರಿಹೋಯ್ತು" ಎನ್ನು, ಉಪಗ್ರಹ ಎಂದಾದರೆ "ಗಂಟಲು ಸರಿಹೋಯ್ತು" ಎನ್ನು. ನಿಜವಾಗಿ ಎರಡೂ ಸರಿಹೋಗಿದ್ದರೆ ದಯವಿಟ್ಟು ಒಂದನ್ನು ಭಾನುವಾರದವರೆಗೆ ನೋಯಿಸಿಕೊಂಡಿರು. ಎರಡೂ ಸರಿ ಎನ್ನುವ ಮಾತನ್ನು ನಾನು ಈ ವಾರ ಇನ್ನೊಂದು ಸಲ ಕೇಳಲಾರೆ.

ಅಮ್ಮ ಆಶೀರ್ವಾದ ತಿಳಿಸಿದ್ದಾರೆ, ಅದರ ಜೊತೆ ಒದ್ದೆ ತಲೆಯಲ್ಲಿ ಮಲಗಬಾರದು ಎಂಬ ಎಚ್ಚರಿಕೆಯನ್ನೂ. ಅಪ್ಪನೂ ಮಾವನೂ ಬೇರೆ ಬೇರೆಯಾಗಿ, ಒಬ್ಬರದು ಇನ್ನೊಬ್ಬರಿಗೆ ಗೊತ್ತಾಗದಂತೆ, ನಿನ್ನನ್ನು ಕೇಳಿದ್ದೇನೆಂದು ಬರೆಯಲು ಹೇಳಿದ್ದಾರೆ. ನಾನಂತೂ ಕೇಳುತ್ತಲೇ ಇದ್ದೇನೆ. ಶಿಬಿರದ ಮಕ್ಕಳು ಚೆನ್ನಾಗಿ ಈಜಲಿ, ನಿನ್ನ ಸೀಟಿ ಗಟ್ಟಿಯಾಗಿರಲಿ.

ಇಂತಿ,
ಮೇಲಕ್ಕೂ ಸಲ್ಲದ ಕೆಳಕ್ಕೂ ಸಲ್ಲದ
ನಿನ್ನ ಮೆಟ್ಟಿಲವಾಸಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವುದರಲ್ಲಿದ್ದೆ, ತಡೆದಿದ್ದೇನೆ. ಅಂಚೆ ತೆಗೆಯುವವನು ಬರುವುದರೊಳಗೆ ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸು. ಇವತ್ತು ಅಕ್ಷರದ್ದೇ ಅಪರಾಧ.

ಮಾವ ಸಂಜೆಯ ನಡಿಗೆ ಮುಗಿಸಿ ಬಂದು, "ಇದನ್ನ ಸ್ವಲ್ಪ ಚಾರ್ಜಿಗೆ ಹಾಕಿ ಅಳಿಯಂದ್ರೇ" ಎಂದು ಗಡಿಯಾರ ಬಿಚ್ಚಿ ನನ್ನ ಪಕ್ಕ, ಈ ಕಾಗದದ ಮೇಲೇ ಇಟ್ಟು ಮೇಲೆ ಹೋದರು. ಎತ್ತಿಕೊಳ್ಳುವಾಗ ಯಾವುದೋ ಗುಂಡಿ ಒತ್ತಿಹೋಯಿತು. ಅವರು ಇವತ್ತು ನಡೆದ ದೂರ ಬಂತು. ಎರಡರ ಮುಂದೆ "ಕಿ.ಮೀ." ಎಂದಿತ್ತು. ನಾನು ಅದನ್ನು ನೋಡಿದೆ, ಕೆಳಗೆ ಕಾಗದದಲ್ಲಿ "ಮೀನೂ" ಎಂದು ಬರೆದದ್ದನ್ನು ನೋಡಿದೆ. ನಿನಗೆ ಕಿ ಎಂಬ ಇನಿಷಿಯಲ್ ಇಲ್ಲವಲ್ಲ! ಮೀನೂ, ಅದು ನಿನ್ನ ಹೆಸರಲ್ಲ. ಅದು ಮೀಟರು. ಐವತ್ತು ಮೀಟರು, ನೂರು ಮೀಟರು ಎಂದು ಕೊಳದಲ್ಲೇ ಬದುಕುವವಳು ಅವತ್ತು ಟೀ ಕುಡಿಯುತ್ತ ಕೈಯ ಅಭ್ಯಾಸದಿಂದ ಅದನ್ನು ಮೀಟರಿಗೆ ಹಾಕಿ ಓಡಿದ್ದೀಯ. ಗಜಕ್ಕಿಂತ ಮೀಟರು ಉದ್ದ, ಹಾಗಾಗಿ ಅಂಕಿ ಚಿಕ್ಕದು. ನೂರೈವತ್ತು ಗಜವಿದ್ದಲ್ಲಿ ಅದು ನೂರಮೂವತ್ತೇಳು ತೋರಿಸುತ್ತದೆ, ಮಾವ ಅದನ್ನು ಗಜವೆಂದು ತಿಳಿದು ಚಿಕ್ಕ ಕೋಲು ತೆಗೆಯುತ್ತಾರೆ, ಚೆಂಡು ಮರಳಿಗೆ ಬೀಳುತ್ತದೆ. ಅಂಗಡಿಯವನು ಹೇಳಿದ "ಆಚೀಚೆ" ಇದೇ. ಊರಿನ ಅಕ್ಷರ ತಪ್ಪನ್ನೆಲ್ಲ ಹಿಡಿಯುವ ನಾನು ಎರಡು ತಿಂಗಳಿಂದ ಈ ಒಂದಕ್ಷರವನ್ನು ನೋಡಿ "ನು ಎಲ್ಲಿ" ಎಂದು ಕೇಳಿಕೊಂಡಿದ್ದೆ.

ಅಪ್ಪನ ಬಳಿಗೆ ಓಡಿದೆ. ಅವರು ವಿಡಿಯೋದಿಂದ ತಲೆ ಎತ್ತದೆ, "ಪಂಡಿತರಿಗೆ ಈಗ ಗೊತ್ತಾಯ್ತಾ?" ಎಂದರು. ಆ ಎರಡನೆಯ ಭಾನುವಾರವೇ ಅವರಿಗೆ ಗೊತ್ತಾಗಿದೆ. ಗಜ, ಮೀಟರು ಎರಡರಲ್ಲೂ ಬಟ್ಟೆ ಕತ್ತರಿಸಿದ ಕೈ ಅದು. ಮತ್ತೆ ಹೇಳಬಾರದಿತ್ತೇ ಎಂದೆ. ಅಪ್ಪ ಫೋನು ಕೆಳಗಿಟ್ಟರು. "ಹೆಂಗೋ ಹೇಳೋದು? ಅದು ನಿಮ್ಮ ಮಗಳಲ್ಲ ಬೀಗರೇ, ಮೀಟರು ಅನ್ನಲಾ?" ಆ ವಾಚು ಹೇಗಾದರೂ ಕೈಯಿಂದ ಬಿಚ್ಚಿಸಿದರೆ ಸಾಕು, ಹೇಳುವ ಕಷ್ಟ ತಪ್ಪುತ್ತದೆ ಎಂದೇ ಅವರು ಇಷ್ಟು ದಿನ ಲೇಸರು ಲೇಸರು ಎಂದು ಕೂಗಿದ್ದು.

ಈಗ ಒಂದು ಗುಂಡಿ ಒತ್ತಿದರೆ "ಮೀ" ಅಳಿಸಿಹೋಗಿ "ಗ" ಬರುತ್ತದೆ, ಎಲ್ಲ ಸರಿಹೋಗುತ್ತದೆ. ನಾನು ಬೆರಳಿಟ್ಟೆ. ತೆಗೆದೆ. ತಿದ್ದಲು ಕೈ ಬರದ ಅಕ್ಷರ ಇದೇ ಮೊದಲು.

ಆದ್ದರಿಂದ ಕಣ್ಣು ಗಂಟಲಿನ ಗುಟ್ಟೆಲ್ಲ ರದ್ದು. ಹೊಸ ಯಂತ್ರ ಬೇಡ. ಪಂದ್ಯಕ್ಕೆ ಗಡಿಯಾರವನ್ನೇ ಬರೆಸುತ್ತೇನೆ, ಅಪ್ಪ ಒಪ್ಪಿದ್ದಾರೆ. "ಮೀಟರು ಇದ್ರೆ ಇರ್ಲಿ, ನಾನು ಮನಸ್ಸಲ್ಲೇ ಗಜ ಮಾಡ್ಕೋತೀನಿ" ಎಂದರು. ಮಾವನಿಗೆ ಹೇಳಬೇಕಾದವಳು ನೀನು. ಶನಿವಾರ ಸ್ಪೀಕರಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳು: "ಅಪ್ಪಾ, ವಾಚಲ್ಲಿ ನಾನಿದೀನಲ್ಲ, ನಾನಿದ್ರೆ ದೂರ ಇರೋದೂ ಸ್ವಲ್ಪ ಹತ್ತಿರ ಕಾಣುತ್ತೆ. ಅದಕ್ಕೆ ಯಾವಾಗ್ಲೂ ಒಂದು ಕೋಲು ದೊಡ್ಡದು ತಗೊಳ್ಳಿ." ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ, ಬೇಕಾದರೆ ಕರಡು ನೋಡಿ ಸಹಿ ಹಾಕಿಕೊಡುತ್ತೇನೆ. ತೋಳಿಗೆ ಏನೂ ಆಗಿಲ್ಲ ಎಂದೂ ಹೇಳು. ಆ ಮುಚ್ಚಳ ಸಡಿಲ ಇರಲಿಲ್ಲ.

ಹೇಳುವಾಗ ನಗಬೇಡ, ದನಿ ಗಟ್ಟಿಯಾಗಿರಲಿ. ಕಪ್ಪೆ ಹೇಳಿದರೆ ಅವರು ಕೇಳುವುದಿಲ್ಲ, ಮೀನೇ ಹೇಳಬೇಕು. ಅಂಚೆಯವನ ಸೈಕಲ್ಲು ಬಂತು. ಬಿಸಿನೀರು ಕುಡಿ.